ಹಾಡಿನೊಳಗಿನ ಇತಿಹಾಸದ ಕರಡು ತಿದ್ದುವುದು ಹೇಗೆ?

ನನ್ನ ಕೆಲಸ ಕರಡು ತಿದ್ದುವುದು. ಪುಸ್ತಕ ಅಚ್ಚಿಗೆ ಹೋಗುವ ಮೊದಲು ಇಸವಿ, ಹೆಸರು, ಊರು, ಅಂಕಿ ಎಲ್ಲ ಸರಿ ಇದೆಯಾ ಅಂತ ನೋಡುವವಳು ನಾನು. ಈ ಚಟ ಹಾಡು ಕೇಳುವಾಗಲೂ ಬಿಡುವುದಿಲ್ಲ. ಹಾಡಿನಲ್ಲಿ ಒಂದು ತಾರೀಕು ಬಂದರೆ ಸಾಕು, ಕೈ ಪೆನ್ಸಿಲ್ ಹುಡುಕುತ್ತದೆ. 'ನಿಂಗೆ ಸುಮ್ನೆ ಕೇಳೋಕೇ ಬರಲ್ವಾ' ಅಂತ ಮನೆಯಲ್ಲಿ ಬೈಸಿಕೊಂಡದ್ದೂ ಇದೆ.

ಆದರೂ ನಿಜವಾಗಿ ನಡೆದ ಘಟನೆಯ ಮೇಲೆ ಕಟ್ಟಿದ ಹಾಡನ್ನು ಪೆನ್ಸಿಲ್ ಹಿಡಿದು ಕೇಳಬೇಕು ಅಂತಲೇ ನಾನು ಹೇಳುತ್ತೇನೆ. ಹಾಡು ಎಲ್ಲಿ ದಾರಿ ತಪ್ಪುತ್ತದೋ ಅಲ್ಲಿ ಅದನ್ನು ಕಟ್ಟಿದವರ ಕೈ ಕಾಣುತ್ತದೆ. ಅವರು ಏನು ಓದಿದ್ದರು, ಯಾರ ಮಾತು ನಂಬಿದ್ದರು, ಯಾರ ಪರ ನಿಂತಿದ್ದರು, ಎಲ್ಲ ಆ ತಪ್ಪಿನಲ್ಲೇ ಸಿಗುತ್ತದೆ.

ಬೇಕಾಗುವುದು ಒಂದು ನೋಟ್‌ಬುಕ್. ಪುಟದಲ್ಲಿ ಮೂರು ಕಾಲಂ ಎಳೆಯಿರಿ. ಮೊದಲನೆಯದು ಹಾಡು ಹೇಳುವುದಕ್ಕೆ, ಎರಡನೆಯದು ದಾಖಲೆ ಹೇಳುವುದಕ್ಕೆ. ಮೂರನೆಯದರ ತಲೆಯಲ್ಲಿ 'ಯಾಕೆ?' ಅಂತ ಬರೆಯಿರಿ. ಈ ಮೂರನೆಯದನ್ನು ಜಾಸ್ತಿ ಜನ ತುಂಬುವುದೇ ಇಲ್ಲ. 'ಅಯ್ಯೋ, ಹಾಡಿನಲ್ಲಿ ತಪ್ಪಿದೆ' ಅಂತ ಹೇಳಿ ಖುಷಿಪಟ್ಟು ಎದ್ದುಹೋಗುತ್ತಾರೆ.

ಮೊದಲ ಸಲ ಹಾಡನ್ನು ಪೂರ್ತಿ ಕೇಳಿ, ಏನೂ ಬರೆಯಬೇಡಿ. ಎರಡನೆಯ ಸಲ ಪರೀಕ್ಷಿಸಬಹುದಾದ ಮಾತುಗಳನ್ನು ಮಾತ್ರ ಬರೆದುಕೊಳ್ಳಿ: ತಾರೀಕು, ಗಂಟೆ, ಊರು, ವ್ಯಕ್ತಿಯ ಹೆಸರು, ಎಣಿಕೆ. ಗಾಳಿ ಅಳುತ್ತಿತ್ತು, ಆಕಾಶ ಕಪ್ಪಾಗಿತ್ತು ಎಂಬಂಥ ಸಾಲುಗಳನ್ನು ಬಿಟ್ಟುಬಿಡಿ. ಇನ್ನೊಂದು ಮಾತು: ಅಂತರ್ಜಾಲದಲ್ಲಿ ಸಿಗುವ ಸಾಹಿತ್ಯದ ಪುಟಗಳನ್ನು ನಂಬಬೇಡಿ. ಅವನ್ನು ಎಷ್ಟೋ ಸಲ ಯಾರೋ ಕಿವಿಯಲ್ಲಿ ಕೇಳಿ ಟೈಪ್ ಮಾಡಿರುತ್ತಾರೆ. ಆಲ್ಬಮ್ ಜೊತೆ ಅಚ್ಚಾದ ಸಾಹಿತ್ಯ ಸಿಕ್ಕರೆ ಅದೇ ಒಳ್ಳೆಯದು. ಹಾಡುವವರೇ ತಪ್ಪು ಕೇಳಿಸಿಕೊಂಡದ್ದೂ ಉಂಟು. ಅಮೆರಿಕದ ಅಂತರ್ಯುದ್ಧದ ಕೊನೆಯ ದಿನಗಳ ಮೇಲೆ ದಿ ಬ್ಯಾಂಡ್ 1969ರಲ್ಲಿ ಒಂದು ಹಾಡು ಮಾಡಿತು. ಅದರಲ್ಲಿ ರೈಲುಹಳಿ ಕಿತ್ತುಹಾಕುವುದು ಸ್ಟೋನ್‌ಮನ್ ಎಂಬ ದಂಡನಾಯಕನ ಕುದುರೆ ಪಡೆ. ಜೋನ್ ಬಯೆಜ್ ಆ ಹಾಡನ್ನು ಕೇಳಿಯೇ ಕಲಿತದ್ದು. ಅವರ ಬಾಯಲ್ಲಿ ದಂಡನಾಯಕ ಮಾಯವಾಗಿ 'ಅಷ್ಟೊಂದು ಕುದುರೆ ಪಡೆ' ಅಂತಾಯಿತು. ಜನಪ್ರಿಯವಾದದ್ದೂ ಅದೇ.

ಒಂದು ಹಡಗಿನ ಹಾಡು, ಸಾಲು ಸಾಲಾಗಿ

ಕೆಲಸ ಹೇಗೆ ಸಾಗುತ್ತದೆ ಅಂತ ಒಂದು ಹಾಡಿನಲ್ಲಿ ತೋರಿಸುತ್ತೇನೆ. ಗಾರ್ಡನ್ ಲೈಟ್‌ಫುಟ್ ಅವರ 'ದಿ ರೆಕ್ ಆಫ್ ದಿ ಎಡ್ಮಂಡ್ ಫಿಟ್ಜೆರಾಲ್ಡ್'. ಆ ಹಡಗು ಲೇಕ್ ಸುಪೀರಿಯರ್ ಎಂಬ ದೊಡ್ಡ ಸರೋವರದಲ್ಲಿ ಮುಳುಗಿದ್ದು 1975ರ ನವೆಂಬರ್ 10ರ ಸಂಜೆ. ಅದರಲ್ಲಿದ್ದ 29 ಜನರೂ ಸತ್ತರು. ಹಾಡು ಬಂದದ್ದು 1976ರಲ್ಲಿ.

ಮೊದಲ ಕಾಲಂ ತುಂಬೋಣ. ಸರಕು 26 ಸಾವಿರ ಟನ್‌ಗಿಂತ ಜಾಸ್ತಿ. ಹೊರಟದ್ದು ವಿಸ್ಕಾನ್ಸಿನ್‌ನಿಂದ, ಹೋಗುತ್ತಿದ್ದದ್ದು ಕ್ಲೀವ್‌ಲ್ಯಾಂಡ್‌ಗೆ. ಸಂಜೆ ಏಳಕ್ಕೆ ಸರಕಿನ ಕೋಣೆಯ ಮುಚ್ಚಳ ಕುಸಿಯಿತು. ಡೆಟ್ರಾಯಿಟ್‌ನ ಮುಗ್ಗಲು ಹಿಡಿದ ಹಳೆಯ ಸಭಾಂಗಣವೊಂದರಲ್ಲಿ ಪ್ರಾರ್ಥನೆ ನಡೆಯಿತು, ಗಂಟೆ 29 ಸಲ ಬಾರಿಸಿತು.

ಈಗ ಎರಡನೆಯ ಕಾಲಂ. ಟನ್ ಸರಿ, ಹಡಗಿನಲ್ಲಿ 26,116 ಲಾಂಗ್ ಟನ್ ಕಬ್ಬಿಣದ ಅದಿರಿನ ಉಂಡೆಗಳಿದ್ದವು. ಹೊರಟ ಜಾಗವೂ ಸರಿ. ಕ್ಲೀವ್‌ಲ್ಯಾಂಡ್ ಮಾತ್ರ ತಪ್ಪು, ಸರಕು ಇಳಿಯಬೇಕಿದ್ದದ್ದು ಡೆಟ್ರಾಯಿಟ್ ಬಳಿಯ ಜಗ್ ಐಲ್ಯಾಂಡಿನಲ್ಲಿ. ಗಂಟೆಯ ಲೆಕ್ಕ ಸರಿ. ಆದರೆ ಹಾಡು ಹಳೆಯ ಸಭಾಂಗಣ ಅಂದದ್ದು ಮ್ಯಾರಿನರ್ಸ್ ಚರ್ಚನ್ನು.

ಮೂರನೆಯ ಕಾಲಂನಲ್ಲೇ ಇರುವುದು ಸ್ವಾರಸ್ಯ. ಲೈಟ್‌ಫುಟ್ ಕೈಗೆ ಸಿಕ್ಕಿದ್ದು, ಹಡಗು ಮುಳುಗಿ ಎರಡು ವಾರಕ್ಕೆ ನ್ಯೂಸ್‌ವೀಕ್ ಪತ್ರಿಕೆಯಲ್ಲಿ ಬಂದ ಲೇಖನ. ತನಿಖೆ ಆಗ ಶುರುವಾಗಿತ್ತಷ್ಟೇ. ಮುಚ್ಚಳ ಕುಸಿಯಿತು ಅಂತ ಹಾಡು 1976ರಲ್ಲೇ ತೀರ್ಪು ಕೊಟ್ಟುಬಿಟ್ಟಿತು. ಕೋಸ್ಟ್ ಗಾರ್ಡ್ ವರದಿ ಬಂದದ್ದು 1977ರಲ್ಲಿ. ಮುಚ್ಚಳಗಳು ಸರಿಯಾಗಿ ಬಿಗಿಯಾಗಿರಲಿಲ್ಲ ಅಂತ ಅದೂ ಹೇಳಿತು. ಹಡಗು ಕಂಪನಿಗಳ ಸಂಘ ಒಪ್ಪಲಿಲ್ಲ. ತಳ ನೆಲಕ್ಕೆ ತಗುಲಿ ಸೀಳಿರಬೇಕು ಅನ್ನುವುದು ಅವರ ವಾದ. ಮುಚ್ಚಳ ಕುಸಿಯಿತು ಅಂದರೆ ಅದನ್ನು ಬಿಗಿದ ಕೆಲಸಗಾರರ ಮೇಲೆ ಬೆರಳು ತೋರಿಸಿದಂತೆ, ಅಲ್ವಾ? ಸತ್ತವರ ಮನೆಯವರು ಪ್ರತಿ ವರ್ಷ ಈ ಹಾಡನ್ನು ಕೇಳಬೇಕಲ್ಲ.

2010ರಲ್ಲಿ ಬಂದ ಒಂದು ಸಾಕ್ಷ್ಯಚಿತ್ರ ತಪ್ಪು ಕೆಲಸಗಾರರದ್ದಲ್ಲ ಎಂದು ವಾದಿಸಿತು. ಅದಾದ ಮೇಲೆ ಲೈಟ್‌ಫುಟ್ ವೇದಿಕೆಯಲ್ಲಿ ಆ ಸಾಲನ್ನೇ ಬದಲಿಸಿದರು. ಏಳು ಗಂಟೆಗೆ ಮುಚ್ಚಳ ಕುಸಿಯುವ ಬದಲು ಕತ್ತಲಾಗತೊಡಗಿತು. ಚರ್ಚಿನವರೊಬ್ಬರು ನಮ್ಮದು ಮುಗ್ಗಲು ಜಾಗವಲ್ಲ ಅಂದಿದ್ದಕ್ಕೆ ಆ ಪದವನ್ನೂ ಬಿಟ್ಟಿದ್ದರು. ತಾನೇ ಕಟ್ಟಿದ ಗೆದ್ದ ಹಾಡಿನ ಮೇಲೆ ಇಷ್ಟು ವರ್ಷಗಳಾದ ಮೇಲೂ ತಿದ್ದುಪಡಿ ಹಾಕುವವರು ಕಡಿಮೆ. ಕರಡು ತಿದ್ದುವವಳಾಗಿ ನನಗೆ ಅವರ ಮೇಲೆ ವಿಶೇಷ ಗೌರವ. ಕ್ಲೀವ್‌ಲ್ಯಾಂಡ್ ಮಾತ್ರ ಹಾಗೇ ಉಳಿಯಿತು.

ಇದರಿಂದ ಒಂದು ರೂಢಿ ಮಾಡಿಕೊಳ್ಳಿ: ಮೂಲ ಧ್ವನಿಮುದ್ರಣದ ಜೊತೆಗೆ ಆಮೇಲಿನ ಒಂದು ವೇದಿಕೆಯ ಹಾಡುಗಾರಿಕೆಯನ್ನೂ ಕೇಳಿ. ಯಾವ ಸಾಲು ಬದಲಾಗಿದೆಯೋ ಅದರ ಹಿಂದೆ ಏನೋ ನಡೆದಿರುತ್ತದೆ.

ನಡೆದದ್ದಕ್ಕೂ ಹಾಡಿಗೂ ಎಷ್ಟು ದೂರ

ಘಟನೆಯ ತಾರೀಕು ಮತ್ತು ಹಾಡಿನ ತಾರೀಕು ಅಕ್ಕಪಕ್ಕ ಬರೆಯಿರಿ. ನಡುವಿನ ಕಾಲವನ್ನು ನೋಡಿದರೆ, ಕಟ್ಟಿದವರಿಗೆ ವಿಷಯ ಹೇಗೆ ಗೊತ್ತಾಗಿರಬಹುದು ಅಂತ ಅಂದಾಜು ಸಿಗುತ್ತದೆ.

ಡೀಪ್ ಪರ್ಪಲ್ ತಂಡದ 'ಸ್ಮೋಕ್ ಆನ್ ದಿ ವಾಟರ್' ಕಣ್ಣಾರೆ ಕಂಡವರ ಹಾಡು. 1971ರ ಡಿಸೆಂಬರ್ 4ರಂದು ಸ್ವಿಟ್ಜರ್ಲೆಂಡಿನ ಮಾಂಟ್ರೋದ ಕ್ಯಾಸಿನೊದಲ್ಲಿ ಫ್ರಾಂಕ್ ಜಪ್ಪಾ ಸಂಗೀತ ಕಾರ್ಯಕ್ರಮ ನಡೆಯುವಾಗ ಪ್ರೇಕ್ಷಕನೊಬ್ಬ ಫ್ಲೇರ್ ಗನ್, ಅಂದರೆ ಉರಿಯುವ ಬೆಳಕಿನ ಗುಂಡು ಹಾರಿಸುವ ಪಿಸ್ತೂಲು, ಹಾರಿಸಿದ. ಕ್ಯಾಸಿನೊ ಸುಟ್ಟುಹೋಯಿತು. ಡೀಪ್ ಪರ್ಪಲ್ ಅದೇ ಕಟ್ಟಡದಲ್ಲಿ ರೆಕಾರ್ಡಿಂಗ್ ಮಾಡಬೇಕು ಅಂತ ಬಂದಿತ್ತು. ಹಾಡಿನಲ್ಲಿ ಓಡಾಡಿ ಜನರನ್ನು ಹೊರಗೆಳೆಯುವ 'ಫಂಕಿ ಕ್ಲಾಡ್' ನಿಜವಾದ ಮನುಷ್ಯ. ಅವರು ಅಲ್ಲಿನ ಜಾಝ್ ಉತ್ಸವ ನಡೆಸುತ್ತಿದ್ದ ಕ್ಲಾಡ್ ನಾಬ್ಸ್. ಇಂಥ ಹಾಡಿನಲ್ಲಿ ತಪ್ಪು ಕಡಿಮೆ, ಆದರೆ ದೃಷ್ಟಿಯೂ ಒಂದೇ ಕಡೆಯದು. ಊರಿನ ಕಟ್ಟಡ ಸುಟ್ಟದ್ದು ಅರ್ಧ ಹಾಡು, ನಮಗೆ ರೆಕಾರ್ಡಿಂಗಿಗೆ ಜಾಗ ಇಲ್ಲದೆ ಆದ ಒದ್ದಾಟ ಉಳಿದರ್ಧ!

ಫೋಟೊ ನೋಡಿ ಹುಟ್ಟಿದ ಹಾಡು ಬೇರೆ ಥರ. 1970ರ ಮೇ 4ರಂದು ಒಹಾಯೊದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಯುದ್ಧವಿರೋಧಿ ಪ್ರತಿಭಟನೆಯ ಮೇಲೆ ನ್ಯಾಷನಲ್ ಗಾರ್ಡ್ ಎಂಬ ರಾಜ್ಯದ ಸೇನಾಪಡೆ ಗುಂಡು ಹಾರಿಸಿತು. ನಾಲ್ವರು ವಿದ್ಯಾರ್ಥಿಗಳು ಸತ್ತರು, ಒಂಬತ್ತು ಮಂದಿಗೆ ಗಾಯ. ಪತ್ರಿಕೆಯಲ್ಲಿ ಆ ಫೋಟೊಗಳನ್ನು ನೋಡಿ ನೀಲ್ ಯಂಗ್ 'ಒಹಾಯೊ' ಬರೆದರು. ಮೇ 21ಕ್ಕೆ ರೆಕಾರ್ಡಿಂಗ್ ಆಗಿಹೋಯಿತು. ನಾಲ್ಕು ಎಂಬ ಎಣಿಕೆ ಸರಿ. ಆದರೆ ಹಾಡಿನಲ್ಲಿ ಸೈನಿಕರ ಜೊತೆ ಬರುವ ಹೆಸರು ಅಧ್ಯಕ್ಷ ನಿಕ್ಸನ್‌ರದ್ದು. ಗಾರ್ಡ್ ಕಳಿಸಿದ್ದು ರಾಜ್ಯಪಾಲ ಜೇಮ್ಸ್ ರೋಡ್ಸ್. ಇದನ್ನು ತಪ್ಪು ಅಂತ ಬರೆಯಲೇ? ನಾನು ಬರೆಯುವುದಿಲ್ಲ. ವಿದ್ಯಾರ್ಥಿಗಳು ಬೀದಿಗಿಳಿದದ್ದು ಏಪ್ರಿಲ್ 30ರಂದು ನಿಕ್ಸನ್ ಕಾಂಬೋಡಿಯಾ ದಾಳಿಯನ್ನು ಪ್ರಕಟಿಸಿದ್ದಕ್ಕೆ. ಹಾಡು ಆದೇಶ ಕೊಟ್ಟವರನ್ನು ಬಿಟ್ಟು ಕಾರಣ ಆದವರನ್ನು ಹೆಸರಿಸಿತು. ಮೂರನೆಯ ಕಾಲಂಗೆ ಇದೇ ಸರಿಯಾದ ಉತ್ತರ.

'ಸ್ಟ್ರೇಂಜ್ ಫ್ರೂಟ್' ಹಾಡಿನ ಹಿಂದೆಯೂ ಒಂದು ಫೋಟೊ ಇದೆ. 1930ರ ಆಗಸ್ಟ್ 7ರಂದು ಇಂಡಿಯಾನಾದ ಮೇರಿಯನ್‌ನಲ್ಲಿ ಇಬ್ಬರು ಕಪ್ಪು ತರುಣರನ್ನು ಗುಂಪೊಂದು ಕೊಂದು ಮರಕ್ಕೆ ನೇತುಹಾಕಿದ ಫೋಟೊ ಅದು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಬರೆದವರು ಏಬಲ್ ಮೀರೊಪೋಲ್, ನ್ಯೂಯಾರ್ಕಿನ ಶಾಲಾ ಮೇಷ್ಟ್ರು. 1939ರಲ್ಲಿ ಬಿಲ್ಲಿ ಹಾಲಿಡೇ ಹಾಡಿದರು. ಹಾಡಿನ ಮರಗಳು ದಕ್ಷಿಣದ ಮರಗಳು, ಮೇರಿಯನ್ ಇರುವುದು ಉತ್ತರದಲ್ಲಿ. ಊರು ಬದಲಾದಾಗ ಗಮನಿಸಿ. ಒಂದು ಘಟನೆಯ ಹಾಡು ಇಡೀ ಒಂದು ಪದ್ಧತಿಯ ಹಾಡಾಗಿದೆ. ಹಾಗೆಯೇ ಉತ್ತರದವರು ತಮ್ಮ ಪಾಲಿನ ತಪ್ಪಿನಿಂದ ಸುಲಭವಾಗಿ ಜಾರಿಕೊಳ್ಳಲೂ ಇದು ದಾರಿ ಮಾಡಿತು ಅಂತ ನನಗನಿಸುತ್ತದೆ.

ಅರ್ಧ ಶತಮಾನದ ಅಂತರ ಇದ್ದರೆ ಹಾಡು ಬಂದ ವರ್ಷದಲ್ಲಿ ಏನಾಗುತ್ತಿತ್ತು ಅಂತ ನೋಡಿ. ಮೊದಲ ಮಹಾಯುದ್ಧದಲ್ಲಿ ಟರ್ಕಿಯ ಗಲಿಪೊಲಿಯಲ್ಲಿ ಕಾಲು ಕಳೆದುಕೊಂಡ ಆಸ್ಟ್ರೇಲಿಯಾದ ಸೈನಿಕನೊಬ್ಬನ ಹಾಡನ್ನು ಎರಿಕ್ ಬೋಗಲ್ 1971ರಲ್ಲಿ ಬರೆದರು. ಅವನಿಗೆ 1915ರಲ್ಲೇ ತಗಡಿನ ಟೋಪಿ ಕೊಡುತ್ತಾರೆ. ಉಕ್ಕಿನ ಶಿರಸ್ತ್ರಾಣ ಆಸ್ಟ್ರೇಲಿಯಾದವರಿಗೆ ಸಿಕ್ಕಿದ್ದು 1916ರಲ್ಲಿ. ಅವನು ಇಳಿಯುವುದು ಸುವ್ಲಾ ಕೊಲ್ಲಿಯಲ್ಲಿ. ಅಲ್ಲಿ ಆಗಸ್ಟಿನಲ್ಲಿ ಇಳಿದದ್ದು ಮುಖ್ಯವಾಗಿ ಬ್ರಿಟಿಷರು. ಆಸ್ಟ್ರೇಲಿಯಾದವರು ಏಪ್ರಿಲ್ 25ರಂದು ಇಳಿದ ದಡವೇ ಬೇರೆ. ಹಾಡು ಹುಟ್ಟಿದ ವರ್ಷ ಆಸ್ಟ್ರೇಲಿಯಾದ ಹುಡುಗರು ವಿಯೆಟ್ನಾಂನಲ್ಲಿದ್ದರು. ಕವಿಯ ಕಣ್ಣು ಅರ್ಧ ಅಲ್ಲೇ ಇತ್ತು.

ಅಂಕಿ ಮತ್ತು ಪಂಚಾಂಗ

ಹಾಡಿನಲ್ಲಿ ಸರಾಸರಿ, ಶೇಕಡಾ ಬಂದರೆ ನನಗೆ ತಕ್ಷಣ ಅನುಮಾನ. ಪಾಲ್ ಹಾರ್ಡ್‌ಕ್ಯಾಸಲ್ ಅವರ 1985ರ ಹಾಡಿನ ಹೆಸರೇ '19'. ವಿಯೆಟ್ನಾಂನಲ್ಲಿ ಹೋರಾಡಿದ ಸೈನಿಕನ ಸರಾಸರಿ ವಯಸ್ಸು 19 ಅಂತ ಅದು ಮತ್ತೆ ಮತ್ತೆ ಹೇಳುತ್ತದೆ. ಆ ಮಾತು ಒಂದು ಟಿವಿ ಸಾಕ್ಷ್ಯಚಿತ್ರದಿಂದ ಎತ್ತಿದ್ದು. ಸತ್ತ 58 ಸಾವಿರಕ್ಕೂ ಹೆಚ್ಚು ಅಮೆರಿಕನ್ ಸೈನಿಕರ ಹುಟ್ಟಿದ ದಿನ, ಸತ್ತ ದಿನ ಎರಡೂ ದಾಖಲೆಯಲ್ಲಿವೆ. ಅವರ ಸರಾಸರಿ ವಯಸ್ಸು ಸುಮಾರು 23. ಹಾಗಂತ 19 ವರ್ಷದವರು ಸಾಯಲಿಲ್ಲ ಅಂತಲ್ಲ, ಬೇಕಾದಷ್ಟು ಮಂದಿ ಸತ್ತರು. ಆದರೆ ಒಂದು ಅಂಕಿ ಹಾಡಾದ ಮೇಲೆ ಅದನ್ನು ಜನರ ತಲೆಯಿಂದ ತೆಗೆಯುವುದು ಕಷ್ಟ.

ಕೆಲವೊಮ್ಮೆ ಪಂಚಾಂಗ ಹಾಡಿನ ಪರ ಸಾಕ್ಷಿ ಹೇಳುತ್ತದೆ. 'ಏ ಮೇರೆ ವತನ್ ಕೆ ಲೋಗೋ' ಎಲ್ಲರೂ ಕೇಳಿರುತ್ತೀರಿ. ಕವಿ ಪ್ರದೀಪ್ ಬರೆದು, ಸಿ. ರಾಮಚಂದ್ರ ರಾಗ ಹಾಕಿ, ಲತಾ ಮಂಗೇಶ್ಕರ್ 1963ರ ಜನವರಿ 27ರಂದು ದೆಹಲಿಯಲ್ಲಿ ನೆಹರೂ ಎದುರು ಹಾಡಿದ್ದು. ದೇಶದಲ್ಲಿ ದೀಪಾವಳಿ ಇದ್ದಾಗ ಸೈನಿಕರು ಹೋಳಿ ಆಡುತ್ತಿದ್ದರು ಅಂತ ಅದರಲ್ಲಿ ಒಂದು ಮಾತಿದೆ. ಸುಮ್ನೆ ಅಲಂಕಾರ ಅಂದುಕೊಳ್ಳಬಹುದು. ಚೀನಾ ದಾಳಿ ಶುರುವಾದದ್ದು 1962ರ ಅಕ್ಟೋಬರ್ 20ಕ್ಕೆ, ಕದನ ನಿಂತದ್ದು ನವೆಂಬರ್ 21ಕ್ಕೆ. ಆ ವರ್ಷದ ದೀಪಾವಳಿ ಬಂದದ್ದು ಅಕ್ಟೋಬರ್ ಕೊನೆಯ ವಾರದಲ್ಲಿ. ಅಂದರೆ ಹಬ್ಬ ನಿಜವಾಗಿಯೂ ಯುದ್ಧದ ನಡುವೆಯೇ ಬಿತ್ತು. ಹಾಡು ಕೇಳುತ್ತಿದ್ದವರಿಗೆ ಮೂರು ತಿಂಗಳ ಹಿಂದಿನ ತಮ್ಮ ಮನೆಯ ದೀಪಗಳು ನೆನಪಾಗಿರಬೇಕು.

ಯಾರು ಹೇಳಿದ ಕಥೆ?

ಬೋನಿ ಎಂ ತಂಡದ 'ರಾಸ್ಪುಟಿನ್' ಹಾಡಿಗೆ ಕುಣಿಯದವರು ಕಡಿಮೆ. ಈ ರಾಸ್ಪುಟಿನ್ ರಷ್ಯಾದ ರಾಜಮನೆಗೆ ಹತ್ತಿರವಾಗಿದ್ದ ಒಬ್ಬ ಸಾಧು. ರಾಣಿಯ ಪ್ರಿಯಕರ ಅಂತ ಹಾಡು ಹೇಳುವುದಕ್ಕೆ ಆಧಾರವಿಲ್ಲ, ಅದು ಆ ಕಾಲದ ಗಾಳಿಸುದ್ದಿ. ವಿಷ ಕುಡಿದೂ ಸಾಯಲಿಲ್ಲ, ಕೊನೆಗೆ ಗುಂಡು ಹಾರಿಸಬೇಕಾಯಿತು ಎಂಬ ಕಥೆ ಬಂದದ್ದು ಫೆಲಿಕ್ಸ್ ಯೂಸುಪೊವ್ ಬರೆದ ನೆನಪುಗಳಿಂದ. ಯೂಸುಪೊವ್ ಯಾರು? 1916ರ ಡಿಸೆಂಬರಿನಲ್ಲಿ ರಾಸ್ಪುಟಿನ್‌ನನ್ನು ತನ್ನ ಅರಮನೆಗೆ ಕರೆಸಿ ಕೊಂದವರಲ್ಲಿ ಒಬ್ಬ. ಕೊಂದವನೇ ಕಥೆ ಹೇಳಿದರೆ ಸತ್ತವನು ರಾಕ್ಷಸನೇ ಆಗಬೇಕು. ಆದ್ದರಿಂದ ಎರಡನೆಯ ಕಾಲಂನಲ್ಲಿ ದಾಖಲೆಯ ಪಕ್ಕ ಅದನ್ನು ಬರೆದವರ ಹೆಸರನ್ನೂ ಹಾಕಿ.

ಬಾಬ್ ಡಿಲನ್ ಅವರ 'ಹರಿಕೇನ್' ಬೇರೆ ಬಗೆಯ ಕಷ್ಟ ಕೊಡುತ್ತದೆ. 1966ರಲ್ಲಿ ನ್ಯೂಜೆರ್ಸಿಯ ಬಾರ್ ಒಂದರಲ್ಲಿ ನಡೆದ ಕೊಲೆಗಳಿಗೆ ಬಾಕ್ಸರ್ ರೂಬಿನ್ ಕಾರ್ಟರ್ ಜೈಲಿಗೆ ಹೋದರು. ಹಾಡು ಬಂದದ್ದು 1975ರಲ್ಲಿ. ಮೊದಲ ರೂಪದಲ್ಲಿದ್ದ ಒಂದು ಆರೋಪದಿಂದ ಮೊಕದ್ದಮೆ ಬೀಳಬಹುದು ಅಂತ ವಕೀಲರು ಹೇಳಿದ್ದಕ್ಕೆ ಮತ್ತೆ ರೆಕಾರ್ಡ್ ಮಾಡಬೇಕಾಯಿತು. ಹಾಡು ಕಾರ್ಟರ್‌ರನ್ನು ಆ ಹೊತ್ತಿಗೆ ಪಟ್ಟಕ್ಕೆ ಮೊದಲ ಸಾಲಿನ ಸ್ಪರ್ಧಿ ಅನ್ನುತ್ತದೆ. ಅವರು ಪಟ್ಟಕ್ಕಾಗಿ ಆಡಿ ಸೋತದ್ದು 1964ರ ಡಿಸೆಂಬರಿನಲ್ಲಿ, 1966ಕ್ಕೆ ಅಷ್ಟು ಮೇಲೆ ಇರಲಿಲ್ಲ. ಇಂಥ ವಿವರಗಳಲ್ಲಿ ಹಾಡು ಎಡವುತ್ತದೆ. 1976ರ ಮರುವಿಚಾರಣೆಯಲ್ಲೂ ಅವರಿಗೆ ಶಿಕ್ಷೆಯೇ ಆಯಿತು. ಆದರೆ 1985ರಲ್ಲಿ ಫೆಡರಲ್ ನ್ಯಾಯಾಧೀಶ ಸರೋಕಿನ್ ಆ ಶಿಕ್ಷೆಯನ್ನು ತಳ್ಳಿಹಾಕಿದರು. ಮೊಕದ್ದಮೆ ನಡೆಸಿದ ರೀತಿಯಲ್ಲಿ ಜನಾಂಗದ್ವೇಷ ಇತ್ತು ಎಂಬ ಹಾಡಿನ ಮುಖ್ಯ ಮಾತನ್ನು ತೀರ್ಪೂ ಹೇಳಿತು. ವಿವರ ತಪ್ಪಿ ತಿರುಳು ಉಳಿಯುವುದು ಹೀಗೆ. ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ, ಒಂದರಿಂದ ಇನ್ನೊಂದನ್ನು ಅಳಿಸಬೇಡಿ.

ದಾಖಲೆ ಅಂದರೆ ದೇವರ ವಾಕ್ಯ ಅಂತಲೂ ತಿಳಿಯಬೇಡಿ. 1972ರ ಜನವರಿ 30ರಂದು ಉತ್ತರ ಐರ್ಲೆಂಡಿನ ಡೆರಿಯಲ್ಲಿ ಬ್ರಿಟಿಷ್ ಸೈನಿಕರು ಮೆರವಣಿಗೆಯ ಮೇಲೆ ಗುಂಡು ಹಾರಿಸಿದರು. ಅಂದೇ 13 ಜನ ಸತ್ತರು, ಇನ್ನೊಬ್ಬರು ಆಮೇಲೆ. ಎರಡೇ ದಿನದಲ್ಲಿ ಪಾಲ್ ಮೆಕಾರ್ಟ್ನಿ ತಮ್ಮ ವಿಂಗ್ಸ್ ತಂಡದ ಜೊತೆ ಒಂದು ಹಾಡು ಧ್ವನಿಮುದ್ರಿಸಿದರು, ಬಿಬಿಸಿ ಅದನ್ನು ನಿಷೇಧಿಸಿತು. ಏಪ್ರಿಲ್‌ನಲ್ಲಿ ಬಂದ ವಿಡ್ಜರಿ ವರದಿ ಸೈನಿಕರನ್ನು ಬಹುಮಟ್ಟಿಗೆ ಬಿಟ್ಟುಬಿಟ್ಟಿತು. ಯೂ ಟೂ ತಂಡದ 'ಸಂಡೇ ಬ್ಲಡಿ ಸಂಡೇ' ಬಂದ 1983ರಲ್ಲಿ ನೀವು ಸರ್ಕಾರಿ ದಾಖಲೆ ತೆರೆದಿದ್ದರೆ ಸಿಗುತ್ತಿದ್ದದ್ದು ಅದೇ ವರದಿ. ಸತ್ತವರಿಂದ ಸೈನಿಕರಿಗೆ ಅಪಾಯವಿರಲಿಲ್ಲ ಅಂತ ಸೇವಿಲ್ ವರದಿ ಹೇಳಿದ್ದು 2010ರ ಜೂನ್ 15ಕ್ಕೆ. ಅದೇ ದಿನ ಪ್ರಧಾನಿ ಕ್ಯಾಮರೂನ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಒಂದೇ ವಿಷಯಕ್ಕೆ ಎರಡು ತನಿಖೆ ಇದ್ದರೆ ಎರಡನ್ನೂ ನೋಡಿ.

ಹಾಡಿನ ತಪ್ಪಿಗೆ ಬೆಲೆ ತೆತ್ತವರು ಯಾರು ಅಂತಲೂ ಕೇಳಿ. ರೈಲು ಚಾಲಕ ಕೇಸಿ ಜೋನ್ಸ್ 1900ರ ಏಪ್ರಿಲ್ 30ರಂದು ಮಿಸಿಸಿಪಿಯ ವಾನ್‌ನಲ್ಲಿ ಅಪಘಾತದಲ್ಲಿ ಸತ್ತ. ಅವನ ಮೇಲೆ ಮೊದಲು ಹಾಡು ಕಟ್ಟಿದ್ದು ಎಂಜಿನ್ ಒರೆಸುವ ಕೆಲಸದ ವಾಲೆಸ್ ಸಾಂಡರ್ಸ್. ದುಡ್ಡು ಮಾಡಿದವರು ಬೇರೆಯವರು. 1909ರಲ್ಲಿ ಅಚ್ಚಾದ ರೂಪದಲ್ಲಿ ಕೊನೆಗೊಂದು ಸಾಲು ಸೇರಿತ್ತು: ಅಳಬೇಡಿ ಮಕ್ಕಳೇ, ನಿಮಗೆ ಇನ್ನೊಬ್ಬ ಅಪ್ಪ ಇದ್ದಾನೆ. ಜನ ನಕ್ಕರು. ಹೆಂಡತಿ ಜೇನೀ ಜೋನ್ಸ್ ಮತ್ತೆ ಮದುವೆಯಾಗದೆ ಬದುಕಿದಷ್ಟು ದಿನವೂ ಅದನ್ನು ಅಲ್ಲಗಳೆಯುತ್ತಲೇ ಇದ್ದರು. ಅವರು ತೀರಿಕೊಂಡದ್ದು 1958ರಲ್ಲಿ.

ಹಾಡಿಗೆ ಮಾತ್ರ ಗೊತ್ತಿರುವುದು

ಇಷ್ಟೆಲ್ಲ ತಿದ್ದಿದ ಮೇಲೆ ಪುಟ ತಿರುಗಿಸಿ, ದಾಖಲೆಯಲ್ಲಿ ಇಲ್ಲದ್ದು ಹಾಡಿನಲ್ಲಿ ಏನಿದೆ ಅಂತ ಬರೆಯಿರಿ. ಇದಕ್ಕೆ 'ಹಲಗಲಿ ಬೇಡರು' ಲಾವಣಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಕಾನೂನು ಬಂತು. ಹಲಗಲಿಯ ಬೇಡರು ಒಪ್ಪಲಿಲ್ಲ. ನವೆಂಬರ್ ಕೊನೆಗೆ ಇಂಗ್ಲಿಷರ ದಂಡು ಊರು ಸುಟ್ಟಿತು, ಡಿಸೆಂಬರಿನಲ್ಲಿ 19 ಜನರನ್ನು ಗಲ್ಲಿಗೇರಿಸಿದರು. ಲಾವಣಿಯಲ್ಲಿ ಹುಕುಂ ವಿಲಾಯಿತಿಯಿಂದ ಬರುತ್ತದೆ. ಕಾನೂನು ಆದದ್ದು ಕಲ್ಕತ್ತೆಯಲ್ಲಿ. ಪೆನ್ಸಿಲ್ ಗುರುತು ಹಾಕಿದೆ, ಆಯಿತು.

ಆಮೇಲೆ ಕೊನೆಯ ಭಾಗಕ್ಕೆ ಬನ್ನಿ. ದಂಡಿನವರು ಏನೇನು ದೋಚಿದರು ಅಂತ ಪಟ್ಟಿ ಬರುತ್ತದೆ. ಕೊಡಲಿ, ಕಬ್ಬಿಣ, ಮೊಸರು, ಬೆಣ್ಣೆ, ಹಾಲು, ಉಪ್ಪು, ಎಣ್ಣೆ, ಅರಿಶಿನ, ಜೀರಿಗೆ, ಬೆಲ್ಲ. ಯಾವ ಅಧಿಕಾರಿ ತನ್ನ ವರದಿಯಲ್ಲಿ ಜೀರಿಗೆ ಬರೆಯುತ್ತಾನೆ? ಅವನಿಗೆ ಬೇಕಾದದ್ದು ಎಷ್ಟು ಜನ ಸತ್ತರು, ಎಷ್ಟು ಹತ್ಯಾರ ಸಿಕ್ಕಿತು ಎಂಬ ಲೆಕ್ಕ. ಡಬ್ಬಿಯಲ್ಲಿದ್ದ ಜೀರಿಗೆ ಹೋದದ್ದು ಮನೆಯಲ್ಲಿ ಉಳಿದವರಿಗೆ ಮಾತ್ರ ಗೊತ್ತಾಗುತ್ತದೆ. ಇಂಥದ್ದಕ್ಕೆ ಎರಡನೆಯ ಕಾಲಂ ಖಾಲಿ ಬಿಡಿ. ದಾಖಲೆ ಇಲ್ಲ ಅಂದ ಮಾತ್ರಕ್ಕೆ ತಪ್ಪು ಅಂತ ಬರೆಯಬೇಡಿ.

ಎಲ್ಲ ಹಾಡಿಗೂ ಈ ಶ್ರಮ ಬೇಡ. ಆಬಾ ತಂಡದ 'ವಾಟರ್ಲೂ' ಪ್ರಕಾರ ನೆಪೋಲಿಯನ್ ಶರಣಾದದ್ದು ವಾಟರ್ಲೂನಲ್ಲಿ. ಅಲ್ಲಿ ಸೋತದ್ದು 1815ರ ಜೂನ್ 18ಕ್ಕೆ, ಇಂಗ್ಲಿಷ್ ಹಡಗು ಹತ್ತಿ ಶರಣಾದದ್ದು ಜುಲೈ 15ಕ್ಕೆ. ಆದರೆ ಅದು ಪ್ರೀತಿಯ ಹಾಡು, ನೆಪೋಲಿಯನ್ ಬರೀ ನೆಪ. ಹಾಗೆಯೇ 1815ರ ನ್ಯೂ ಆರ್ಲಿಯನ್ಸ್ ಯುದ್ಧದ ಮೇಲೆ ಅರ್ಕಾನ್ಸಾದ ಶಾಲಾ ಮೇಷ್ಟ್ರು ಜಿಮ್ಮಿ ಡ್ರಿಫ್ಟ್‌ವುಡ್ ಮಕ್ಕಳಿಗೆ ಪಾಠ ಹತ್ತಲಿ ಅಂತ ಕಟ್ಟಿದ ಹಾಡಿನಲ್ಲಿ ಮೊಸಳೆಯನ್ನೇ ಫಿರಂಗಿ ಮಾಡುತ್ತಾರೆ. ಮೊಸಳೆ ಬಂದಲ್ಲಿ ಪೆನ್ಸಿಲ್ ಕೆಳಗಿಡಿ. ಅಮೆರಿಕ ಮತ್ತು ಬ್ರಿಟನ್ ನಡುವಿನ ಶಾಂತಿ ಒಪ್ಪಂದಕ್ಕೆ ಹಿಂದಿನ ಡಿಸೆಂಬರ್ 24ಕ್ಕೇ ಸಹಿ ಬಿದ್ದಿತ್ತು, ಸುದ್ದಿ ತಲುಪದೆ ಜನವರಿ 8ಕ್ಕೆ ಯುದ್ಧ ನಡೆಯಿತು ಅನ್ನುವುದನ್ನು ಮಾತ್ರ ಪಕ್ಕದಲ್ಲಿ ಬರೆದುಕೊಳ್ಳಿ.

ಮೊದಲ ಸಲ ಮಾಡುವವರು 'ಸ್ಮೋಕ್ ಆನ್ ದಿ ವಾಟರ್' ತೆಗೆದುಕೊಳ್ಳಿ. ಊರು, ಜನ, ಕಾರಣ ಎಲ್ಲ ಹಾಡಿನಲ್ಲೇ ಇದೆ, ಒಂದು ಸಂಜೆಯಲ್ಲಿ ಮುಗಿಯುತ್ತದೆ. 'ಹರಿಕೇನ್' ಎರಡನೆಯದಾಗಿ ಬೇಡ. ಅದಕ್ಕೆ ಕೋರ್ಟಿನ ಕಾಗದ ಓದುವ ತಾಳ್ಮೆ ಬೇಕು. ಹಡಗಿನ ಹಾಡನ್ನೇ ಎರಡನೆಯದು ಮಾಡಿಕೊಳ್ಳಿ. ನಾನು ಮೇಲೆ ಹೇಳದೆ ಬಿಟ್ಟ ಸಾಲುಗಳು ಅದರಲ್ಲಿ ಇನ್ನೂ ಇವೆ. ಹಡಗಿನ ಅಡುಗೆಯವನು ಡೆಕ್ ಮೇಲೆ ಬಂದು ಆಡುವ ಮಾತನ್ನು ನೋಡಿ. ಅದನ್ನು ಕೇಳಿದವರು ಯಾರೂ ಬದುಕಿ ಬರಲಿಲ್ಲ. ಎರಡನೆಯ ಕಾಲಂನಲ್ಲಿ ಅದಕ್ಕೆ ಏನು ಬರೆಯುತ್ತೀರಿ ಅಂತ ನೀವೇ ತೀರ್ಮಾನಿಸಿ.